ಎಳೆಯ ಬೆನ್ನಿನ ಮೇಲೆ ನೆನಪಿನ ಹೊರೆ: ಲೋಯಿಸ್ ಲೌರಿಯ 'ದಿ ಗಿವರ್' ಕಾದಂಬರಿಯಲ್ಲಿ ಸ್ಮೃತಿ ಮತ್ತು ಪ್ರಭುತ್ವ

ಪ್ರಜೆಗಳ ನೆನಪಿನ ಮೇಲೆ ಹಿಡಿತ ಸಾಧಿಸಲು ಹವಣಿಸುವ ಪ್ರಭುತ್ವದ ಚಿತ್ರಣವು ಇಪ್ಪತ್ತನೆಯ ಶತಮಾನದ ಡಿಸ್ಟೋಪಿಯ ಕಾದಂಬರಿಗಳ ಪ್ರಧಾನ ಆಶಯಗಳಲ್ಲಿ ಒಂದು. ಡಿಸ್ಟೋಪಿಯ ಎಂದರೆ ತಲೆಕೆಳಗಾದ ಆದರ್ಶಲೋಕ. ಸುಖ, ಸುವ್ಯವಸ್ಥೆಗಳ ಹೆಸರಿನಲ್ಲಿ ಮನುಷ್ಯನನ್ನು ಕುಗ್ಗಿಸುವ ಸಮಾಜದ ಕಲ್ಪನೆ. ಆಲ್ಡಸ್ ಹಕ್ಸ್‌ಲಿಯ 'ಬ್ರೇವ್ ನ್ಯೂ ವರ್ಲ್ಡ್' (1932) ಕೃತಿಯಲ್ಲಿ ಚರಿತ್ರೆಯೆಂಬುದೇ ನಿರುಪಯುಕ್ತವೆಂದು ಬದಿಗೆ ಸರಿಸಲ್ಪಟ್ಟಿದೆ. ಜಾರ್ಜ್ ಆರ್ವೆಲ್ಲನ '1984' (1949) ಕಾದಂಬರಿಯಲ್ಲಿ ಹಳೆಯ ಪತ್ರಿಕೆಗಳನ್ನು ತಿದ್ದಿ ಬರೆಯುವುದಕ್ಕೆಂದೇ ಒಂದು ಇಲಾಖೆಯಿದೆ. ರೇ ಬ್ರಾಡ್‌ಬರಿಯ 'ಫ್ಯಾರನ್‌ಹೀಟ್ 451' (1953) ಕೃತಿಯಲ್ಲಿ ಬೆಂಕಿ ಆರಿಸಬೇಕಾದವರೇ ಪುಸ್ತಕಗಳಿಗೆ ಬೆಂಕಿಯಿಡುತ್ತಾರೆ. ಈ ಮೂರರಲ್ಲಿಯೂ ಪ್ರಭುತ್ವಕ್ಕೆ ನೆನಪು ಶತ್ರು. ಅದನ್ನು ಅಳಿಸಬೇಕು, ಇಲ್ಲವೆ ಕೆಡಿಸಬೇಕು.

1993ರಲ್ಲಿ ಪ್ರಕಟವಾದ ಅಮೆರಿಕದ ಲೇಖಕಿ ಲೋಯಿಸ್ ಲೌರಿಯವರ 'ದಿ ಗಿವರ್' ಈ ಪರಂಪರೆಗೆ ಸೇರಿದ ಕೃತಿಯಾದರೂ ಒಂದು ಮುಖ್ಯ ವಿಷಯದಲ್ಲಿ ಅದರಿಂದ ಬೇರೆಯಾಗಿ ನಿಲ್ಲುತ್ತದೆ. ಇಲ್ಲಿಯ ಸಮಾಜ ನೆನಪನ್ನು ನಾಶಮಾಡುವುದಿಲ್ಲ, ಜೋಪಾನವಾಗಿ ಕಾಪಾಡುತ್ತದೆ. ಆದರೆ ಅದನ್ನು ಒಬ್ಬನೇ ಒಬ್ಬ ಮನುಷ್ಯನ ಒಳಗೆ ಕಾಪಾಡುತ್ತದೆ. ಹಿಂದಿನ ತಲೆಮಾರುಗಳ ಯುದ್ಧ, ಹಸಿವು, ಪ್ರೀತಿ, ಹಬ್ಬ, ಸಾವು ಎಲ್ಲವೂ ಅವನ ಪಾಲು. ಉಳಿದವರಿಗೆ ವರ್ತಮಾನ ಮಾತ್ರ. ಆ ಮನುಷ್ಯನಿಗೆ ವಯಸ್ಸಾದಾಗ ಹೊರೆಯನ್ನು ಹೊರಲು ಮತ್ತೊಬ್ಬನನ್ನು ಆರಿಸಬೇಕಾಗುತ್ತದೆ. ಆಯ್ಕೆಯಾಗುವುದು ಹನ್ನೆರಡು ವರ್ಷದ ಒಬ್ಬ ಹುಡುಗ. ನೋವಿನ ನೆನಪು ಭಾರವಾದುದು ಎಂಬುದು ಎಲ್ಲರೂ ಬಲ್ಲ ಸಂಗತಿ. ಲೌರಿಯವರ ಕೃತಿ ತೋರಿಸಿಕೊಡುವುದು ಬೇರೊಂದನ್ನು: ಹಂಚಿಕೊಳ್ಳಲಾಗದುದರಿಂದಲೇ ಅದು ಹೊರೆಯಾಗುತ್ತದೆ, ಮತ್ತು ಹಂಚಿಕೊಳ್ಳಲಾಗದಂತೆ ಮಾಡಿರುವುದೇ ಇಲ್ಲಿಯ ಆಡಳಿತದ ಕೌಶಲ.

ಲೌರಿಯವರು ಹುಟ್ಟಿದ್ದು 1937ರಲ್ಲಿ, ಹವಾಯಿಯ ಹೊನೊಲುಲುವಿನಲ್ಲಿ. ತಂದೆ ಸೈನ್ಯದಲ್ಲಿ ದಂತವೈದ್ಯರಾಗಿದ್ದರು. ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಸಲ್ಲುವ ನ್ಯೂಬೆರಿ ಪದಕ ಅವರಿಗೆ ಎರಡು ಬಾರಿ ದೊರೆಯಿತು: 1990ರಲ್ಲಿ 'ನಂಬರ್ ದಿ ಸ್ಟಾರ್ಸ್' ಕೃತಿಗೆ, 1994ರಲ್ಲಿ 'ದಿ ಗಿವರ್' ಕೃತಿಗೆ. ಪ್ರಶಸ್ತಿ ಪಡೆದ ಈ ಪುಸ್ತಕವನ್ನೇ ಶಾಲೆಗಳಿಂದಲೂ ಗ್ರಂಥಾಲಯಗಳಿಂದಲೂ ತೆಗೆದುಹಾಕಬೇಕೆಂದು ಅಲ್ಲಲ್ಲಿ ಪೋಷಕರು ಒತ್ತಾಯಿಸಿದರು. ಅತಿ ಹೆಚ್ಚು ಆಕ್ಷೇಪಣೆಗೆ ಒಳಗಾದ ಪುಸ್ತಕಗಳ ಬಗ್ಗೆ ಅಮೆರಿಕನ್ ಗ್ರಂಥಾಲಯ ಸಂಘವು ಸಿದ್ಧಪಡಿಸಿದ 1990ರ ದಶಕದ ಪಟ್ಟಿಯಲ್ಲಿಯೂ ಅದರ ಮುಂದಿನ ದಶಕದ ಪಟ್ಟಿಯಲ್ಲಿಯೂ ಇದರ ಹೆಸರಿದೆ. ಮಕ್ಕಳಿಗೆ ಏನನ್ನು ತಿಳಿಸಬಾರದು ಎಂಬುದನ್ನೇ ವಸ್ತುವಾಗಿ ಉಳ್ಳ ಕೃತಿಯೊಂದು ಇಂಥ ಆಕ್ಷೇಪಣೆಗೆ ಗುರಿಯಾದುದು ಕೇವಲ ಕಾಕತಾಳೀಯವೆನ್ನಲಾಗದು.

ಕಾದಂಬರಿಯ ಸಮಾಜಕ್ಕೆ ಹೆಸರಿಲ್ಲ. ಅದು ಬರಿಯ 'ಸಮುದಾಯ'. ಅಲ್ಲಿ ಬಡತನವಿಲ್ಲ, ಕಳ್ಳತನವಿಲ್ಲ, ಜಗಳವಿಲ್ಲ. ಬೆಟ್ಟಗಳಿಲ್ಲ, ಏಕೆಂದರೆ ಅವು ಸಾಗಾಣಿಕೆಗೆ ಅಡ್ಡಿ. ಹಿಮವಿಲ್ಲ, ಏಕೆಂದರೆ ಅದು ಬೆಳೆಗೆ ಅಡ್ಡಿ. ಈ ವ್ಯವಸ್ಥೆಗೆ ಲೌರಿಯವರು ಇಟ್ಟಿರುವ ಹೆಸರನ್ನು ಕನ್ನಡದಲ್ಲಿ 'ಏಕರೂಪತೆ' ಎನ್ನಬಹುದು. ಅದನ್ನು 'ಸಮಾನತೆ' ಎಂದು ಅನುವಾದಿಸಿದರೆ ಕೃತಿಗೆ ಅನ್ಯಾಯವಾಗುತ್ತದೆ. ಸಮಾನತೆ ಭಿನ್ನರಾದವರ ನಡುವೆ ಇರಬೇಕಾದ ನ್ಯಾಯ; ಏಕರೂಪತೆಯಾದರೋ ಭಿನ್ನತೆಯ ನಿವಾರಣೆ.

ಪ್ರತಿ ವರ್ಷ ಐವತ್ತು ಶಿಶುಗಳು ಈ ಸಮುದಾಯಕ್ಕೆ ಸೇರುತ್ತವೆ. ಹೆರುವುದು ಕೆಲವು ಹೆಂಗಸರಿಗೆ ಹಂಚಿಕೆಯಾದ ಉದ್ಯೋಗ. ಹೆತ್ತವಳು ಮಗುವನ್ನು ನೋಡುವುದಿಲ್ಲ; ಅರ್ಜಿ ಹಾಕಿದ ದಂಪತಿಗಳಿಗೆ ಒಂದು ಗಂಡು, ಒಂದು ಹೆಣ್ಣು ಮಗುವನ್ನು ವಹಿಸಿಕೊಡಲಾಗುತ್ತದೆ. ಮಕ್ಕಳ ವಯಸ್ಸನ್ನು ಉಡುಪಿನಿಂದಲೇ ಗುರುತಿಸಬಹುದು. ನಾಲ್ಕರಿಂದ ಆರು ವರ್ಷದವರ ಅಂಗಿಗೆ ಗುಂಡಿ ಬೆನ್ನಿನ ಕಡೆ. ಪರಸ್ಪರ ಅವಲಂಬನೆಯನ್ನು ಕಲಿಯಲಿ ಎಂದು ಒಬ್ಬರ ಗುಂಡಿಯನ್ನು ಮತ್ತೊಬ್ಬರು ಹಾಕಬೇಕು. ಏಳನೆಯ ವರ್ಷದಲ್ಲಿ ಗುಂಡಿ ಮುಂದಕ್ಕೆ ಬರುತ್ತದೆ. ಎಂಟರಲ್ಲಿ ಅಂಗಿಗೆ ಜೇಬು ಬರುತ್ತದೆ: ತನ್ನ ಚಿಕ್ಕಪುಟ್ಟ ವಸ್ತುಗಳನ್ನು ಜೋಪಾನ ಮಾಡುವಷ್ಟು ಮಗು ಬೆಳೆದಿದೆ ಎಂಬುದರ ಸೂಚನೆ ಅದು. ಒಂಬತ್ತರಲ್ಲಿ ಸೈಕಲ್ಲು. ಹನ್ನೆರಡರಲ್ಲಿ ಹಿರಿಯರ ಸಮಿತಿ ಪ್ರತಿಯೊಬ್ಬರಿಗೂ ಜೀವಮಾನದ ಉದ್ಯೋಗವನ್ನು ಘೋಷಿಸುತ್ತದೆ. ಆಮೇಲೆ ವಯಸ್ಸನ್ನು ಯಾರೂ ಎಣಿಸುವುದಿಲ್ಲ. ತನಗೆಷ್ಟು ವಯಸ್ಸು ಎಂಬುದನ್ನೇ ಮರೆಯುವ ಜನ ತಮ್ಮ ಪೂರ್ವಿಕರನ್ನು ಮರೆತಿರುವುದರಲ್ಲಿ ಆಶ್ಚರ್ಯವೇನಿದೆ?

ಪೂರ್ವಿಕರ ಮಾತು ಇಲ್ಲಿ ಅಲಂಕಾರಕ್ಕಾಗಿ ಬಂದುದಲ್ಲ. ಮಕ್ಕಳು ಬೆಳೆದು ದೊಡ್ಡವರಾದ ಮೇಲೆ ತಂದೆತಾಯಿಗಳು ಬೇರೆ ವಸತಿಗೆ ಹೋಗುತ್ತಾರೆ, ನಂಟು ಅಲ್ಲಿಗೆ ಮುಗಿಯುತ್ತದೆ. ಆದುದರಿಂದ ಅಜ್ಜ ಅಜ್ಜಿ ಎಂಬ ಸಂಬಂಧವೇ ಅಲ್ಲಿಲ್ಲ. ಯಾವ ಸಮಾಜದಲ್ಲಿಯೇ ಆಗಲಿ ನೆನಪು ಮೊಮ್ಮಕ್ಕಳನ್ನು ಮುಟ್ಟುವುದು ಬಹುಪಾಲು ಅಜ್ಜ ಅಜ್ಜಿಯರ ಬಾಯಿಂದ. ಗ್ರಂಥಗಳನ್ನು ಸುಡುವ ಗೋಜಿಗೇ ಹೋಗದೆ, ಮೂರು ತಲೆಮಾರು ಒಂದೇ ಸೂರಿನಡಿ ಇರದಂತೆ ನೋಡಿಕೊಂಡರೆ ಸಾಕು, ಪರಂಪರೆ ತಾನಾಗಿ ಕಡಿದುಹೋಗುತ್ತದೆ ಎಂಬುದನ್ನು ಲೌರಿಯವರು ಕಂಡುಕೊಂಡಿದ್ದಾರೆ. ಜನರ ಮನೆಗಳಲ್ಲಿ ಇರುವುದು ಮೂರೇ ಪುಸ್ತಕ: ಒಂದು ನಿಘಂಟು, ಸಮುದಾಯದ ಕಚೇರಿ ಕಟ್ಟಡಗಳ ವಿವರಗಳುಳ್ಳ ಒಂದು ಸಂಪುಟ, ಮತ್ತೊಂದು ನಿಯಮಗಳ ಪುಸ್ತಕ.

ಮರೆವಿಗೂ ಅಲ್ಲಿ ವಿಧಿವಿಧಾನಗಳಿವೆ. ಕೇಲಬ್ ಎಂಬ ನಾಲ್ಕು ವರ್ಷದ ಹುಡುಗ ನದಿಯಲ್ಲಿ ಬಿದ್ದು ಇಲ್ಲವಾಗುತ್ತಾನೆ. ಸಮುದಾಯದವರೆಲ್ಲ ಸೇರಿ ಇಡೀ ದಿನ ಅವನ ಹೆಸರನ್ನು ಉಚ್ಚರಿಸುತ್ತಾರೆ, ಬರಬರುತ್ತ ಮೆಲ್ಲಗೆ, ಬರಬರುತ್ತ ವಿರಳವಾಗಿ, ಕೊನೆಗೆ ಹೆಸರು ಮೌನದಲ್ಲಿ ಕರಗುವ ತನಕ. ಮುಂದೆ ಅದೇ ದಂಪತಿಗಳಿಗೆ ಮತ್ತೊಂದು ಶಿಶುವನ್ನು ಕೊಟ್ಟು, ಅದಕ್ಕೂ ಕೇಲಬ್ ಎಂದೇ ಹೆಸರಿಟ್ಟು, ಈ ಸಲ ಹೆಸರನ್ನು ಮೆಲುದನಿಯಿಂದ ಏರುದನಿಗೆ ಒಯ್ಯುತ್ತಾರೆ. ತರ್ಪಣವನ್ನೂ ನಾಮಕರಣವನ್ನೂ ಹೋಲುವ ಈ ಎರಡು ವಿಧಿಗಳ ನಡುವೆ ಒಂದು ಸಾವು ಲೆಕ್ಕದಿಂದಲೇ ಕಾಣೆಯಾಗುತ್ತದೆ. ಇಡೀ ಕಾದಂಬರಿಯಲ್ಲಿ ಇದಕ್ಕಿಂತ ಭೀಕರವಾದ ದೃಶ್ಯಗಳು ಬೇರೆ ಇದ್ದರೂ, ದುಃಖವನ್ನು ಕೂಡ ಆಡಳಿತಕ್ಕೆ ಒಳಪಡಿಸಬಹುದು ಎಂಬುದನ್ನು ಇಷ್ಟು ಶಾಂತವಾಗಿ ಹೇಳುವ ದೃಶ್ಯ ಇನ್ನೊಂದಿಲ್ಲ.

ಇಂಥ ಸಮಾಜದಲ್ಲಿ ಭಾಷೆಯ ಸ್ಥಿತಿ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಲೌರಿಯವರು ವಿಶೇಷ ಎಚ್ಚರದಿಂದ ಪರಿಶೀಲಿಸಿದ್ದಾರೆ. ಸಮುದಾಯಕ್ಕೆ ಮಾತಿನ ನಿಖರತೆಯೆಂದರೆ ಬಹಳ ಮೋಹ. ಜೋನಸ್‌ನ ಗೆಳೆಯ ಆಶರ್ ಮೂರು ವರ್ಷದವನಾಗಿದ್ದಾಗ ತಿಂಡಿ ಎನ್ನುವ ಪದಕ್ಕೆ ಬದಲಾಗಿ ಏಟು ಎಂಬ ಅರ್ಥದ, ಸಮೀಪದ ಉಚ್ಚಾರಣೆಯುಳ್ಳ ಪದವನ್ನು ಬಳಸುತ್ತಿದ್ದ. ಪ್ರತಿ ತಪ್ಪಿಗೂ ಬೆತ್ತದ ಏಟು ಬಿದ್ದು, ಕೊನೆಗೆ ಕೆಲಕಾಲ ಆ ಮಗು ಮಾತನ್ನೇ ಬಿಟ್ಟಿತು. ಹಿರಿಯರು ಇದನ್ನು ಸಭೆಯಲ್ಲಿ ನಗುತ್ತ ನೆನೆಯುತ್ತಾರೆ, ಸಭಿಕರೂ ನಗುತ್ತಾರೆ. ಇಷ್ಟೊಂದು ನಿಖರವಾದ ಈ ಭಾಷೆಯಲ್ಲಿ ಮುಖ್ಯವಾದ ಪದಗಳೆಲ್ಲ ಪೊಳ್ಳು. ಮಕ್ಕಳ ಆಟಿಕೆಯಾಗಿ ಆನೆ ಇದೆ, ಆದರೆ ಆನೆ ಎಂಬ ಪ್ರಾಣಿ ಇತ್ತೆಂಬುದು ತಿಳಿಯದು. 'ಪ್ರಾಣಿ' ಎಂಬುದು ಒರಟನನ್ನು ಬಯ್ಯುವ ಮಾತು ಮಾತ್ರ. ತನ್ನನ್ನು ಪ್ರೀತಿಸುತ್ತೀರಾ ಎಂದು ಜೋನಸ್ ತಂದೆತಾಯಿಗಳನ್ನು ಕೇಳಿದಾಗ ಅವರು ನಗುತ್ತಾರೆ. ಅರ್ಥ ಕಳೆದುಕೊಂಡ ಹಳೆಯ ಪದವನ್ನು ಬಳಸಬಾರದೆಂದು ತಿದ್ದುತ್ತಾರೆ. ಮಗನ ಸಾಧನೆಯ ಬಗ್ಗೆ ಅವರಿಗೆ ಹೆಮ್ಮೆಯಿದೆ, ಅವನ ಸಹವಾಸದಿಂದ ಸಂತೋಷವಿದೆ. ಅದಕ್ಕಿಂತ ಆಚೆಗೆ ಏನಾದರೂ ಇದ್ದೀತೆಂಬ ಊಹೆ ಅವರಿಗಿಲ್ಲ.

ಎಲ್ಲಕ್ಕಿಂತ ಕ್ರೂರವಾದ ಪದ 'ಬಿಡುಗಡೆ'. ಮುದುಕರನ್ನು ಸಮಾರಂಭ ಮಾಡಿ ಬಿಡುಗಡೆಗೊಳಿಸುತ್ತಾರೆ. ಮೂರು ಬಾರಿ ನಿಯಮ ಮೀರಿದವರನ್ನು ಶಿಕ್ಷೆಯಾಗಿ ಬಿಡುಗಡೆಗೊಳಿಸುತ್ತಾರೆ. ತೂಕ ಸಾಲದ ಶಿಶುಗಳನ್ನೂ ಬಿಡುಗಡೆಗೊಳಿಸುತ್ತಾರೆ. ಬಿಡುಗಡೆಯಾದವರು 'ಬೇರೆಡೆ' ಹೋಗುತ್ತಾರೆಂಬುದು ಜನರ ನಂಬಿಕೆ. ಅದರ ನಿಜವಾದ ಅರ್ಥ ವಿಷದ ಸೂಜಿ. ಕನ್ನಡದ ಓದುಗನಿಗೆ ಈ ವ್ಯಂಗ್ಯ ಇಂಗ್ಲಿಷಿಗಿಂತ ತೀವ್ರವಾಗಿ ತಟ್ಟೀತು. ಸೆರೆಯಿಂದ ಪಾರಾಗುವುದೂ ಭವದಿಂದ ಪಾರಾಗುವುದೂ ಕನ್ನಡದಲ್ಲಿ ಅದೇ ಒಂದು ಪದದ ವ್ಯಾಪ್ತಿಗೆ ಬರುತ್ತವೆ. ಸಾವನ್ನು ಕಂಡ ನೆನಪಿಲ್ಲದ ಜನರಿಗೆ ಸಾವಿನ ಪದವೂ ಬೇಕಿಲ್ಲ. ಆರ್ವೆಲ್ಲನ ಲೋಕದಲ್ಲಿ ಆಳುವವರು ಭಾಷೆಯನ್ನು ಕತ್ತರಿಸಿ ಕಿರಿದುಗೊಳಿಸುತ್ತಾರೆ. ಲೌರಿಯವರ ಲೋಕದಲ್ಲಿ ಪದಗಳು ಹಾಗೆಯೇ ಉಳಿದು, ಅವುಗಳ ಹಿಂದಿನ ಅನುಭವ ಮಾತ್ರ ಇಲ್ಲವಾಗಿದೆ.

ಕಥಾನಾಯಕ ಜೋನಸ್ ಆ ವರ್ಷದ ಐವತ್ತು ಮಕ್ಕಳಲ್ಲಿ ಹತ್ತೊಂಬತ್ತನೆಯವನು. ಸಮಾರಂಭದಲ್ಲಿ ಪ್ರಧಾನ ಹಿರಿಯಳು ಹದಿನೆಂಟನೆಯ ಮಗುವಿನ ನಂತರ ಇಪ್ಪತ್ತನೆಯದನ್ನು ಕರೆಯುತ್ತಾಳೆ. ತಾನು ಏನೋ ತಪ್ಪು ಮಾಡಿರಬೇಕೆಂದು ಹುಡುಗ ಕುಗ್ಗಿಹೋಗುತ್ತಾನೆ. ಕೊನೆಯಲ್ಲಿ ಅವನನ್ನು ಕರೆದು, ಅವನಿಗೆ ಉದ್ಯೋಗ ಹಂಚಿಕೆಯಾಗಿಲ್ಲ, ಅವನು 'ಆಯ್ಕೆ'ಯಾಗಿದ್ದಾನೆ ಎಂದು ಘೋಷಿಸಲಾಗುತ್ತದೆ. ಸಮುದಾಯಕ್ಕೆ ಒಬ್ಬನೇ ಇರುವ 'ಸ್ಮೃತಿಧಾರಕ'ನ ಸ್ಥಾನಕ್ಕೆ ಅವನು ಉತ್ತರಾಧಿಕಾರಿ. ಈವರೆಗೆ ಆ ಹೊರೆ ಹೊತ್ತ ವೃದ್ಧನು ಇನ್ನು ಮುಂದೆ ಕೊಡುವವನು, ಅಂದರೆ 'ದಾತ'. ಜೋನಸ್‌ಗೆ ದೊರೆತ ನಿಯಮಗಳ ಹಾಳೆ ಒಂದೇ ಪುಟದ್ದು, ಆದರೆ ಹುಡುಗನ ಬಾಲ್ಯವನ್ನು ಮುಗಿಸಲು ಅಷ್ಟು ಸಾಕು. ತರಬೇತಿಯ ವಿಷಯವನ್ನು ಯಾರೊಡನೆಯೂ ಆಡುವಂತಿಲ್ಲ. ಕನಸನ್ನು ಹೇಳುವಂತಿಲ್ಲ. ತರಬೇತಿಯಿಂದಾದ ನೋವಿಗೆ ಔಷಧಿ ಕೇಳುವಂತಿಲ್ಲ. ಬಿಡುಗಡೆಗೆ ಅರ್ಜಿ ಹಾಕುವಂತಿಲ್ಲ. ಯಾರನ್ನು ಏನು ಬೇಕಾದರೂ ಕೇಳಬಹುದು. ಸುಳ್ಳು ಹೇಳಲೂ ಬಹುದು. ಸುಳ್ಳಿನ ಈ ಅನುಮತಿ ಅವನನ್ನು ಬೆಚ್ಚಿಬೀಳಿಸುತ್ತದೆ. ಉಳಿದವರ ಹಾಳೆಗಳಲ್ಲಿಯೂ ಇದೇ ವಾಕ್ಯ ಇದ್ದರೆ? ತನ್ನ ತಂದೆಯ ಹಾಳೆಯಲ್ಲಿಯೂ ಇದ್ದಿದ್ದರೆ?

ಸ್ಮೃತಿಯ ವರ್ಗಾವಣೆ ನಡೆಯುವ ಬಗೆ ಗಮನಾರ್ಹವಾದುದು. ಹುಡುಗ ಅಂಗಿ ಕಳಚಿ ಬೋರಲಾಗಿ ಮಲಗುತ್ತಾನೆ, ವೃದ್ಧ ಅವನ ಬೆನ್ನಿನ ಮೇಲೆ ಅಂಗೈಗಳನ್ನು ಇಡುತ್ತಾನೆ. ಬೆನ್ನು ಹೊರೆ ಹೊರುವ ಜಾಗ. ಕೆಲವು ವರ್ಷಗಳ ಹಿಂದೆ ಗುಂಡಿ ಹಾಕಲು ಇನ್ನೊಬ್ಬರ ಕೈ ಬೇಕಾಗಿದ್ದ ಜಾಗವೂ ಅದೇ. ಮೊದಲು ಬರುವ ನೆನಪು ಹಿಮದ ಗುಡ್ಡದಿಂದ ಬಂಡಿಯಲ್ಲಿ ಜಾರಿ ಇಳಿಯುವ ಸಂತಸ. ಆಮೇಲೆ ಬಿಸಿಲು. ಮತ್ತೊಮ್ಮೆ ಅದೇ ಗುಡ್ಡ ಬರುತ್ತದೆ, ಆದರೆ ಈ ಸಲ ಬಂಡಿ ಉರುಳಿ ಕಾಲು ಮುರಿಯುತ್ತದೆ. ಒಂದೇ ಗುಡ್ಡದಲ್ಲಿ ಸಂತಸವೂ ನೋವೂ ಇವೆಯೆಂಬುದು ಜೋನಸ್ ಕಲಿಯುವ ಮೊದಲ ಪಾಠ. ಇನ್ನೊಂದು ವೈಶಿಷ್ಟ್ಯವೂ ಇದೆ. ಕೊಟ್ಟ ನೆನಪು ಕೊಟ್ಟವನಲ್ಲಿ ಉಳಿಯುವುದಿಲ್ಲ. ವಿದ್ಯೆ ಕೊಟ್ಟಷ್ಟೂ ಹೆಚ್ಚುತ್ತದೆಂಬುದು ಭಾರತೀಯರ ನಂಬಿಕೆ. ಲೌರಿಯವರ ದಾತನಲ್ಲಿ ನೆನಪು ಧನದಂತೆ ಕೊಟ್ಟಷ್ಟೂ ಕರಗುತ್ತದೆ. ಇದರ ಫಲವಾಗಿ ಪ್ರೀತಿಯ ನೆನಪನ್ನು ಕೊಡುವುದು ತ್ಯಾಗವಾಗುತ್ತದೆ, ಯಾತನೆಯ ನೆನಪನ್ನು ಕೊಡುವುದು ತನ್ನ ಭಾರವನ್ನು ಮಗುವಿನ ಮೇಲೆ ಇಳಿಸಿದಂತಾಗುತ್ತದೆ. ಯುದ್ಧದ ನೆನಪು ತನ್ನೊಳಗೆ ಅಸಹನೀಯವಾದ ದಿನ ವೃದ್ಧ ಅದರಲ್ಲಿ ಸ್ವಲ್ಪವನ್ನು ಪಡೆದುಕೊಳ್ಳುವಂತೆ ಹುಡುಗನನ್ನು ಬೇಡುತ್ತಾನೆ. ಕೊಟ್ಟ ಮೇಲೆ ಕ್ಷಮೆ ಕೇಳುತ್ತಾನೆ.

ಕನ್ನಡದ ಓದುಗನಿಗೆ ಇಲ್ಲಿ ಯಯಾತಿಯ ಕಥೆ ನೆನಪಾಗುವುದು ಸಹಜ. ತಂದೆಯ ಮುಪ್ಪನ್ನು ಮಗ ಪೂರು ಹೊತ್ತ ಆ ಮಹಾಭಾರತದ ಪ್ರಸಂಗವನ್ನು ಗಿರೀಶ ಕಾರ್ನಾಡರು 1961ರಲ್ಲಿ ಪ್ರಕಟವಾದ ತಮ್ಮ 'ಯಯಾತಿ' ನಾಟಕದಲ್ಲಿ ಹೊಸದಾಗಿ ಪರೀಕ್ಷಿಸಿದರು. ಹಿರಿಯರ ಪಾಲಿನದನ್ನು ಕಿರಿಯನೊಬ್ಬ ಹೊರುವುದು ತ್ಯಾಗವೆಂದು ಮೇಲ್ನೋಟಕ್ಕೆ ಕಂಡರೂ ಅದರ ಬೆಲೆಯನ್ನು ಬೇರೊಬ್ಬರು ತೆರಬೇಕಾಗುತ್ತದೆಂಬುದನ್ನು ಚಿತ್ರಲೇಖೆಯ ಸಾವಿನ ಮೂಲಕ ಅವರು ಕಾಣಿಸಿದರು. ಪೂರುವಿಗೂ ಜೋನಸ್‌ಗೂ ಇರುವ ಅಂತರ ಮುಖ್ಯವಾದುದು. ಪೂರು ಒಪ್ಪಿ ಹೊತ್ತವನು, ಅವನ ಹೊರೆ ಒಬ್ಬ ತಂದೆಯದು. ಜೋನಸ್‌ನನ್ನು ಯಾರೂ ಕೇಳಲಿಲ್ಲ, ಮತ್ತು ಅವನು ಹೊರಬೇಕಾದುದು ತನ್ನ ಹೆಸರನ್ನು ಕೂಗಿ ಸಂಭ್ರಮಿಸಿದ ಇಡೀ ಊರಿನದು.

ಯುದ್ಧದ ನೆನಪಿನ ನಂತರದ ಪ್ರಸಂಗವೊಂದು ಕೃತಿಯ ಹೃದಯಭಾಗದಲ್ಲಿದೆ. ಆ ನೆನಪಿನಲ್ಲಿ ಜೋನಸ್ ಗಾಯಗೊಂಡವರ ನಡುವೆ ಬಿದ್ದಿದ್ದಾನೆ. ಪಕ್ಕದಲ್ಲಿ ತನಗಿಂತ ಬಹಳ ದೊಡ್ಡವನೇನಲ್ಲದ ಸೈನಿಕನೊಬ್ಬ ನೀರು ಬೇಡುತ್ತಿದ್ದಾನೆ. ಕುಡಿಸಿದ ಸ್ವಲ್ಪ ಹೊತ್ತಿನಲ್ಲಿ ಆ ಹುಡುಗನ ಕಣ್ಣು ನಿಶ್ಚಲವಾಗುತ್ತದೆ. ಕೆಲದಿನಗಳ ನಂತರ ರಜೆಯಂದು ಗೆಳೆಯರು ಎಂದಿನಂತೆ ಎರಡು ಪಕ್ಷವಾಗಿ ಆಡುತ್ತಿರುತ್ತಾರೆ. ಕೈಯನ್ನೇ ಬಂದೂಕಿನಂತೆ ಹಿಡಿದು, ಬಾಯಲ್ಲಿ ಸದ್ದು ಮಾಡಿ, ಬಿದ್ದಂತೆ ನಟಿಸಿ ನಗುವ ಆಟ. ಹಿಂದೆ ತಾನೂ ಎಷ್ಟೋ ಬಾರಿ ಆಡಿದ ಅದೇ ಆಟ ಯುದ್ಧವೆಂಬುದು ಜೋನಸ್‌ಗೆ ಈಗ ಗೋಚರವಾಗುತ್ತದೆ. ನಿಲ್ಲಿಸಿರೆಂದು ಬೇಡುತ್ತಾನೆ. ಆಟದ ಮೇಲ್ವಿಚಾರಣೆಯ ತರಬೇತಿ ಪಡೆಯುತ್ತಿರುವ ಆಶರ್ ತನ್ನ ಅಧಿಕಾರದಲ್ಲಿ ಕೈಹಾಕಬೇಡವೆಂದು ಸಿಟ್ಟಾಗುತ್ತಾನೆ. ಯಾರಲ್ಲಿಯೂ ದ್ವೇಷವಿಲ್ಲ, ಯಾರೂ ತಪ್ಪು ಮಾಡಿಲ್ಲ, ಆದರೂ ಗೆಳೆತನ ಅಲ್ಲಿಗೆ ಮುಗಿಯುತ್ತದೆ. ಜೋನಸ್ ವಿವರಿಸುವಂತಿಲ್ಲ, ಏಕೆಂದರೆ ನಿಯಮ ಅಡ್ಡಬರುತ್ತದೆ. ವಿವರಿಸಿದರೂ ಅವರಿಗೆ ತಿಳಿಯುವಂತಿಲ್ಲ, ಏಕೆಂದರೆ ಅವರಲ್ಲಿ ಆ ನೆನಪಿಲ್ಲ. ತನ್ನ ಸುತ್ತಿನ ಜಗತ್ತಿಗಿಂತ ಹೆಚ್ಚು ತಿಳಿದುಬಿಟ್ಟ ಬಾಲಕನ ಏಕಾಂತ ಎಂಥದೆಂಬುದನ್ನು ಇಲ್ಲಿ ಯಾವ ವ್ಯಾಖ್ಯಾನವೂ ಇಲ್ಲದೆ, ಬರಿಯ ಒಂದು ಆಟದ ಮೂಲಕ ಲೇಖಕಿ ಹೇಳಿದ್ದಾರೆ.

ಇಷ್ಟಾಗಿ ಈ ನೆನಪಿನಿಂದ ಸಮುದಾಯಕ್ಕೆ ಪ್ರಯೋಜನವೇನು? ಹಿರಿಯರಿಗೆ ದಿಕ್ಕುತೋಚದಾದಾಗ ಅವರು ಸ್ಮೃತಿಧಾರಕನ ಸಲಹೆ ಪಡೆಯುತ್ತಾರೆ. ಒಮ್ಮೆ ಜನಸಂಖ್ಯೆಯನ್ನು ಹೆಚ್ಚಿಸುವ ಸಲುವಾಗಿ ಪ್ರತಿ ಹೆರುವವಳಿಗೂ ಮೂರರ ಬದಲು ನಾಲ್ಕು ಹೆರಿಗೆಗಳನ್ನು ನಿಗದಿಪಡಿಸಬಹುದೇ ಎಂಬ ಪ್ರಶ್ನೆ ಎದ್ದಿತು. ಬಹುಹಿಂದಿನ ಹಸಿವಿನ ನೆನಪಿನ ಆಧಾರದ ಮೇಲೆ ವೃದ್ಧ ಬೇಡವೆಂದ. ಗುರುತುಸಿಗದ ವಿಮಾನವೊಂದು ಆಕಾಶದಲ್ಲಿ ಕಂಡಾಗ ಅದನ್ನು ಹೊಡೆದುರುಳಿಸಲು ಸಿದ್ಧರಾಗಿದ್ದವರಿಗೆ ತಾಳಿರೆಂದ. ಎರಡೂ ಬಾರಿ ಅವನ ಮಾತು ನಡೆಯಿತು. ಆದರೆ ಹಸಿವಿನ ನೆನಪು ಮಾತ್ರ ಯಾರಿಗೂ ಬೇಕಾಗಿರಲಿಲ್ಲ, ಉತ್ತರ ಸಿಕ್ಕಿದರೆ ಸಾಕಾಗಿತ್ತು. ಕಪಾಟಿನಲ್ಲಿಟ್ಟ ಕಡತದಂತೆ, ಬೇಕಾದಾಗ ತೆರೆದು ಬೇಡವಾದಾಗ ಮುಚ್ಚುವ ಜೀವಂತ ದಫ್ತರ ಅವನು. ಅವನಿಗೆ ಗೌರವ ಉಂಟು, ಅಧಿಕಾರವಿಲ್ಲ. ಎಲ್ಲರೂ ನೆನಪುಗಳನ್ನು ಏಕೆ ಇಟ್ಟುಕೊಳ್ಳಬಾರದು ಎಂದು ಜೋನಸ್ ಕೇಳಿದಾಗ, ಹಾಗಾದರೆ ಎಲ್ಲರೂ ಹೊರಬೇಕಾಗುತ್ತದಲ್ಲ, ಅದು ಅವರಿಗೆ ಬೇಡ ಎಂಬ ಅರ್ಥದ ಉತ್ತರ ದೊರೆಯುತ್ತದೆ. ಆರ್ವೆಲ್ಲನ ಪ್ರಭುತ್ವಕ್ಕೆ ಭೂತಕಾಲದ ಭಯವಿತ್ತು. ಇಲ್ಲಿ ಭಯಕ್ಕೂ ಆಸ್ಪದವಿಲ್ಲ. ಶ್ರಮವಿಭಜನೆಯ ತತ್ತ್ವವನ್ನು ಆತ್ಮಸಾಕ್ಷಿಗೂ ಅನ್ವಯಿಸಿದ ಸಮಾಜ ಇದು. ಬ್ರಾಡ್‌ಬರಿಯ ಕಾದಂಬರಿಯ ಕೊನೆಯಲ್ಲಿ ಕಾಡುಪಾಲಾದ ಕೆಲವರು ಒಬ್ಬೊಬ್ಬರು ಒಂದೊಂದು ಗ್ರಂಥವನ್ನು ಮನಸ್ಸಿನಲ್ಲಿ ಹೊತ್ತು ನಡೆಯುವುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅವರೂ ಹೊರುತ್ತಾರೆ, ಆದರೆ ತಾವಾಗಿ ಹೊರುತ್ತಾರೆ, ಜೊತೆಯಾಗಿ ಹೊರುತ್ತಾರೆ.

ನೆನಪಿಗೂ ಕಾಮಕ್ಕೂ ಇರುವ ಸಂಬಂಧವನ್ನು ಕೃತಿ ಸೂಕ್ಷ್ಮವಾಗಿ ಮುಟ್ಟುತ್ತದೆ. ಹರೆಯದ ಮೊದಲ ತಳಮಳ ಕಾಣಿಸಿಕೊಂಡ ಬೆಳಗ್ಗೆಯೇ ಮಕ್ಕಳಿಗೆ ಒಂದು ಮಾತ್ರೆ ಆರಂಭವಾಗುತ್ತದೆ. ವೃದ್ಧಾಪ್ಯದವರೆಗೆ ಅದನ್ನು ದಿನವೂ ನುಂಗಬೇಕು. ಗೆಳತಿ ಫಿಯೋನಾಳ ಕನಸು ಬಿದ್ದ ದಿನ ಜೋನಸ್‌ಗೂ ಮಾತ್ರೆ ಬರುತ್ತದೆ. ತರಬೇತಿಯ ಕೆಲವು ತಿಂಗಳುಗಳ ನಂತರ ಅವನು ಅದನ್ನು ನಿಲ್ಲಿಸುತ್ತಾನೆ, ಆಮೇಲೆ ಅವನ ಭಾವಗಳು ಆಳವಾಗುತ್ತವೆ. ಸಂಸ್ಕೃತದಲ್ಲಿ 'ಸ್ಮರ' ಎಂಬ ಶಬ್ದಕ್ಕೆ ನೆನಪು ಎಂಬ ಅರ್ಥವೂ ಇದೆ, ಮನ್ಮಥ ಎಂಬ ಅರ್ಥವೂ ಇದೆ. ಲೌರಿಯವರಿಗೆ ಈ ಶಬ್ದದ ಪರಿಚಯ ಇದ್ದಿರಬೇಕಾಗಿಲ್ಲ. ಆದರೆ ಒಂದನ್ನು ತಡೆದರೆ ಇನ್ನೊಂದೂ ನಿಲ್ಲುತ್ತದೆಂಬ ಅರಿವು ಅವರ ಕಥೆಯ ಒಳಗೇ ಇದೆ.

ಬಣ್ಣದ ವಿಷಯದಲ್ಲಿ ಅನುಸರಿಸಿರುವ ನಿರೂಪಣಾ ತಂತ್ರ ಪ್ರತ್ಯೇಕ ಉಲ್ಲೇಖಕ್ಕೆ ಅರ್ಹ. ಏಕರೂಪತೆಯ ಲೋಕದಲ್ಲಿ ಬಣ್ಣಗಳಿಲ್ಲ. ಆದರೆ ಓದುಗನಿಗೆ ಇದು ಮೊದಲಿಗೆ ತಿಳಿಯುವುದಿಲ್ಲ, ಏಕೆಂದರೆ ಜೋನಸ್‌ಗೇ ತಿಳಿಯದು. ಎಸೆದಾಡುತ್ತಿದ್ದ ಸೇಬು ಗಾಳಿಯಲ್ಲಿ ಒಂದು ಕ್ಷಣ 'ಬದಲಾದಂತೆ' ಕಾಣುತ್ತದೆ. ಫಿಯೋನಾಳ ಕೂದಲೂ ಹಾಗೆಯೇ ಕಾಣುತ್ತದೆ. ಅದು ಕೆಂಪು ಎಂದು ವೃದ್ಧ ಹೆಸರಿಸಿದಾಗ, ಅಷ್ಟು ಪುಟಗಳ ಕಾಲ ತಾನು ಬಣ್ಣವಿಲ್ಲದ ಲೋಕವನ್ನು ಓದುತ್ತಿದ್ದೆನೆಂಬುದು ಓದುಗನಿಗೆ ಹೊಳೆಯುತ್ತದೆ. 2014ರಲ್ಲಿ ಫಿಲಿಪ್ ನಾಯ್ಸ್ ನಿರ್ದೇಶಿಸಿದ ಚಲನಚಿತ್ರ ಕಪ್ಪುಬಿಳುಪಿನಿಂದ ಬಣ್ಣಕ್ಕೆ ಹೊರಳುವ ಮೂಲಕ ಇದನ್ನು ತೋರಿಸಲು ಯತ್ನಿಸಿತು. ಕಣ್ಣಿಗೆ ಮೊದಲೇ ಕಾಣಿಸಿಬಿಡುವುದರಿಂದ ಆ ಬೆರಗು ಅಲ್ಲಿ ಹುಟ್ಟುವುದಿಲ್ಲ. ಹುಡುಗನ ವಯಸ್ಸನ್ನೂ ಏರಿಸಲಾಯಿತು. ಅದರಿಂದ ಹೊರೆಗೂ ಬೆನ್ನಿಗೂ ಇರುವ ಅಸಮತೆ ಕಡಿಮೆಯಾಗಿ ಕಥೆಯ ಅಂಚು ಮೊಂಡಾಯಿತು.

ಜೋನಸ್‌ಗಿಂತ ಹತ್ತು ವರ್ಷ ಮೊದಲು ರೋಸ್‌ಮೆರಿ ಎಂಬ ಹುಡುಗಿ ಇದೇ ಸ್ಥಾನಕ್ಕೆ ಆಯ್ಕೆಯಾಗಿದ್ದಳು. ಯುರೋಪಿನಲ್ಲಿ ರೋಸ್‌ಮೆರಿ ಗಿಡವು ಸ್ಮರಣೆಯ ಸಂಕೇತವೆಂಬುದು ಹಳೆಯ ಮಾತು. ಒಂಟಿತನದ, ಅಗಲಿಕೆಯ ನೆನಪುಗಳನ್ನು ಪಡೆದ ಆಕೆ ಐದೇ ವಾರಗಳಲ್ಲಿ ತಾನಾಗಿ ಹೋಗಿ ಬಿಡುಗಡೆಯನ್ನು ಬೇಡಿದಳು, ಸೂಜಿಯನ್ನು ತಾನೇ ಚುಚ್ಚಿಕೊಂಡಳು. ಅವಳೊಳಗಿದ್ದ ಐದು ವಾರಗಳ ನೆನಪು ಜನರ ಮೇಲೆ ಚೆಲ್ಲಿತು, ಊರು ತತ್ತರಿಸಿತು. ಕೇಲಬನ ಹೆಸರು ಮತ್ತೊಂದು ಮಗುವಿಗೆ ದೊರೆಯಿತು; ರೋಸ್‌ಮೆರಿಯ ಹೆಸರನ್ನು ಮಾತ್ರ ಯಾರೂ ಇನ್ನೆಂದೂ ಉಚ್ಚರಿಸಬಾರದೆಂದು ವಿಧಿಸಲಾಯಿತು. ಜೋನಸ್‌ನ ಹಾಳೆಯಲ್ಲಿ ಬಿಡುಗಡೆಯನ್ನು ಕೋರಬಾರದೆಂಬ ನಿಯಮ ಸೇರಿದ್ದು ಈ ಕಾರಣದಿಂದ. ಆಕೆ ದಾತನ ಸ್ವಂತ ಮಗಳು ಎಂಬುದು ಕೃತಿಯ ಕೊನೆಯ ಭಾಗದಲ್ಲಿ, ಬೀಳ್ಕೊಡುಗೆಯ ಗಳಿಗೆಯಲ್ಲಿ ತಿಳಿಯುತ್ತದೆ. ತನ್ನ ಕೈಯಾರೆ ತನ್ನ ಮಗಳಿಗೆ ನೋವನ್ನು ಕೊಟ್ಟ ತಂದೆ, ಇನ್ನೊಬ್ಬರ ಮಗನ ಬೆನ್ನಿನ ಮೇಲೆ ಮತ್ತೆ ಅದೇ ಕೈ ಇಡಬೇಕಾಗಿ ಬಂದ ಸಂಕಟ ಹಿಂದಿನ ಪುಟಗಳನ್ನೆಲ್ಲ ಮತ್ತೊಮ್ಮೆ ಓದುವಂತೆ ಮಾಡುತ್ತದೆ.

ತಿರುವು ಬರುವುದು ಜೋನಸ್ ತನ್ನ ತಂದೆಯ ಕೆಲಸದ ದೃಶ್ಯಮುದ್ರಿಕೆಯನ್ನು ನೋಡಿದಾಗ. ಶಿಶುಪಾಲನೆಯ ಉದ್ಯೋಗದಲ್ಲಿರುವ ಆ ಮೃದು ಸ್ವಭಾವದ ತಂದೆ ಅವಳಿ ಶಿಶುಗಳನ್ನು ತೂಗಿ, ಹಗುರವಾದುದರ ಹಣೆಯ ನರಕ್ಕೆ ಸೂಜಿ ಚುಚ್ಚಿ, ಪೆಟ್ಟಿಗೆಯಲ್ಲಿಟ್ಟು ಕಸದ ಕೊಳವೆಗೆ ಜಾರಿಸುತ್ತಾನೆ. ಉದ್ದಕ್ಕೂ ಮಗುವಿನೊಡನೆ ಮುದ್ದಾಗಿ ಮಾತನಾಡುತ್ತಾನೆ. ಅವನು ಕಟುಕನಲ್ಲ, ತಾನು ಮಾಡುತ್ತಿರುವುದೇನೆಂದು ಅವನಿಗೆ ತಿಳಿಯದು. ಸತ್ತ ಸೈನಿಕ ಹುಡುಗನ ಕಣ್ಣನ್ನು ನೆನಪಿನಲ್ಲಿ ಕಂಡಿದ್ದ ಜೋನಸ್‌ಗೆ ಮಾತ್ರ ಸಾವಿನ ಗುರುತು ಹತ್ತುತ್ತದೆ. ನೆನಪಿಲ್ಲದ ಒಳ್ಳೆಯತನ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ಆಧುನಿಕ ಕಥಾಸಾಹಿತ್ಯದಲ್ಲಿ ಇಷ್ಟು ತಣ್ಣಗಿನ ನಿದರ್ಶನ ವಿರಳ.

ಹುಡುಗ ಊರಿನ ಗಡಿ ದಾಟಿದರೆ ಅವನೊಳಗಿನ ನೆನಪುಗಳು ಜನರಿಗೆ ಮರಳುತ್ತವೆ. ಅವರನ್ನು ಸಂತೈಸಲು ವೃದ್ಧ ಹಿಂದೆ ಉಳಿಯುತ್ತಾನೆ. ಇದು ಅವರ ಯೋಜನೆ. ಜನರ ಒಪ್ಪಿಗೆ ಕೇಳದೆ ಅವರ ಮೇಲೆ ಯುಗಗಳ ನೋವನ್ನು ಹರಿಯಬಿಡುವುದು ನ್ಯಾಯವೇ ಎಂಬ ಆಕ್ಷೇಪ ನಿರಾಧಾರವಾದುದಲ್ಲ, ಕೃತಿ ಅದಕ್ಕೆ ನೇರವಾಗಿ ಉತ್ತರಿಸುವುದೂ ಇಲ್ಲ. ನೆನಪು ದ್ರವದಂತೆ ಹರಿದು ಹೋಗುವ ಕಲ್ಪನೆಯೂ ತರ್ಕಕ್ಕೆ ನಿಲ್ಲದು. ಆದರೆ ರೂಪಕವಾಗಿ ಅದು ಗಟ್ಟಿಯಾದುದು: ಆ ನೋವು ಮೊದಲಿನಿಂದಲೂ ಅವರದೇ, ಹುಡುಗ ಅದನ್ನು ಅವರ ಪರವಾಗಿ ಹೊತ್ತಿದ್ದನಷ್ಟೆ.

ಈ ಪ್ರಶ್ನೆಗಳು ಲೇಖಕಿಯ ಬದುಕಿನಿಂದ ಬಂದುವು ಎಂಬುದಕ್ಕೆ 1994ರ ನ್ಯೂಬೆರಿ ಭಾಷಣದಲ್ಲಿ ಆಧಾರವಿದೆ. ಎರಡನೆಯ ಮಹಾಯುದ್ಧದ ನಂತರ, ಹನ್ನೊಂದು ವರ್ಷದ ಲೌರಿ ಟೋಕಿಯೊ ನಗರದಲ್ಲಿ ಅಮೆರಿಕನ್ನರಿಗಾಗಿ ಬೇಲಿ ಹಾಕಿ ಕಟ್ಟಿದ ಬಡಾವಣೆಯಲ್ಲಿ ವಾಸವಾಗಿದ್ದರು. ಅಲ್ಲಿ ಎಲ್ಲವೂ ಪರಿಚಿತ, ಎಲ್ಲವೂ ಸುರಕ್ಷಿತ. ಬಾಲಕಿ ಮಾತ್ರ ಸೈಕಲ್ಲೇರಿ ಬೇಲಿಯ ಹೊರಗಿನ ಶಿಬುಯ ಪ್ರದೇಶದ ಗದ್ದಲಕ್ಕೆ ಹೋಗುತ್ತಿದ್ದರು. ಜೋನಸ್ ಸೈಕಲ್ಲಿನಲ್ಲಿಯೇ ಗಡಿ ದಾಟುವುದನ್ನು ಇಲ್ಲಿ ನೆನೆಯಬಹುದು. ಇನ್ನೊಂದು ಪ್ರಸಂಗ ಅವರ ತಂದೆಯದು. ವೃದ್ಧಾಪ್ಯದಲ್ಲಿ ನೆನಪು ಅಳಿಯುತ್ತ ಬಂದ ತಂದೆ, ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಹಿರಿಯ ಮಗಳು ಹೆಲೆನ್‌ಳ ಚಿತ್ರವನ್ನು ನೋಡಿ ಅವಳಿಗೇನಾಯಿತೆಂದು ಕೇಳುತ್ತಾರೆ. ಸಾವಿನ ಸುದ್ದಿ ಅವರಿಗೆ ಪ್ರತಿ ಸಲವೂ ಹೊಸದು. ಮಗಳ ಸಾವನ್ನು ಮರೆತ ತಂದೆ ನೋವಿನಿಂದ ಪಾರಾದರು ನಿಜ, ಜೊತೆಗೆ ಮಗಳನ್ನೂ ಕಳೆದುಕೊಂಡರು. ಕಾದಂಬರಿಯ ಹೊದಿಕೆಯ ಮೇಲಿರುವ ವೃದ್ಧನ ಚಿತ್ರವೂ ಲೇಖಕಿ ತೆಗೆದುದೇ. ಅವರು ಕಾರ್ಲ್ ನೆಲ್ಸನ್ ಎಂಬ ಚಿತ್ರಕಾರ, ಬಾಳಿನ ಕೊನೆಯಲ್ಲಿ ದೃಷ್ಟಿ ಕಳೆದುಕೊಂಡವರು.

ತಂದೆ ತಾತ್ಕಾಲಿಕವಾಗಿ ಮನೆಗೆ ತಂದಿದ್ದ ಗೇಬ್ರಿಯಲ್ ಎಂಬ ಶಿಶುವಿಗೆ ಬಿಡುಗಡೆಯ ತೀರ್ಮಾನವಾದಾಗ ಯೋಜನೆ ಮುರಿದುಬೀಳುತ್ತದೆ. ಜೋನಸ್ ಅದೇ ರಾತ್ರಿ ಮಗುವನ್ನು ಕರೆದುಕೊಂಡು ಹೊರಡುತ್ತಾನೆ. ಆ ಮಗುವಿನೊಡನೆ ಅವನ ನಂಟು ಬೆಳೆದ ಬಗೆಯೂ ಗಮನಾರ್ಹ. ಅಳುವ ಕೂಸನ್ನು ಬೆನ್ನು ತಟ್ಟಿ ಮಲಗಿಸುವಾಗ, ಶಾಂತವಾದ ಸರೋವರದ ಮೇಲೆ ದೋಣಿ ತೇಲುವ ನೆನಪೊಂದು ಅವನ ಕೈಯಿಂದ ಅರಿವಿಲ್ಲದೆ ಅದಕ್ಕೆ ಜಾರಿತ್ತು. ಸಮಿತಿ ಆರಿಸದೆ, ಸಮಾರಂಭವಿಲ್ಲದೆ, ನಿಯಮವಿಲ್ಲದೆ ನಡೆದ ವರ್ಗಾವಣೆ ಕೃತಿಯಲ್ಲಿ ಇದೇ ಮೊದಲು. ಪಲಾಯನದ ದಾರಿಯಲ್ಲಿ ದೇಹದ ಶಾಖದ ಸುಳಿವು ಹಿಡಿಯುವ ವಿಮಾನಗಳು ಹುಡುಕಿ ಬಂದಾಗ ಹಿಮದ ನೆನಪಿನಿಂದ ಇಬ್ಬರ ಮೈಯನ್ನೂ ತಂಪಾಗಿಸುತ್ತಾನೆ. ನಿಜವಾದ ಹಿಮ ಸುರಿಯತೊಡಗಿದಾಗ ಬಿಸಿಲಿನ ನೆನಪಿನಿಂದ ಕೂಸನ್ನು ಬೆಚ್ಚಗಿಡುತ್ತಾನೆ. ಅದುವರೆಗೆ ಭಾರವಾಗಿದ್ದುದು ಈಗ ಇಬ್ಬರಿಗೂ ಹೊದಿಕೆಯಾಗುತ್ತದೆ. ಕೊನೆಗೆ ಗುಡ್ಡ, ಜಾರುಬಂಡಿ, ದೂರದಲ್ಲಿ ದೀಪಗಳು, ಸಂಗೀತದಂಥ ಏನೋ ಒಂದು ಸದ್ದು. ಅವರು ಬದುಕಿದರೋ, ಚಳಿಯಲ್ಲಿ ಸಾಯುತ್ತಿರುವ ಹುಡುಗನ ಭ್ರಮೆಯೋ ಎಂಬುದನ್ನು ಲೌರಿಯವರು ಬಿಡಿಸಿ ಹೇಳಲಿಲ್ಲ.

ಮುಂದಿನ ಕೃತಿಗಳು ಆ ಅನಿಶ್ಚಯವನ್ನು ತೆಗೆದುಹಾಕಿದವು. 'ಗ್ಯಾದರಿಂಗ್ ಬ್ಲೂ' (2000) ಬೇರೊಂದು ಸಮಾಜದ ಕಥೆ. 'ಮೆಸೆಂಜರ್' (2004) ಕಾದಂಬರಿಯಲ್ಲಿ ಜೋನಸ್ ಬೇರೆ ಊರೊಂದರ ನಾಯಕನಾಗಿದ್ದಾನೆ. ಮೊದಲ ಕೃತಿಯ ಅಂತ್ಯಕ್ಕಿದ್ದ ಬಿಗಿ ಇದರಿಂದ ಸ್ವಲ್ಪ ಸಡಿಲಿತೆಂದೇ ಹೇಳಬೇಕು. ಆದರೆ ನಾಲ್ಕನೆಯ ಕೃತಿ 'ಸನ್' (2012) ಹಿಂದೆ ಬಿಟ್ಟಿದ್ದ ಒಂದು ಎಳೆಯನ್ನು ಎತ್ತಿಕೊಳ್ಳುತ್ತದೆ. ಗೇಬ್ರಿಯಲ್‌ನನ್ನು ಹೆತ್ತವಳು ಕ್ಲೇರ್ ಎಂಬ ಹದಿನಾಲ್ಕು ವರ್ಷದ ಹುಡುಗಿ. ಹೆರಿಗೆ ಕಷ್ಟವಾದುದರಿಂದ ಅವಳನ್ನು ಮೀನು ಸಾಕುವ ಕೇಂದ್ರಕ್ಕೆ ವರ್ಗಾಯಿಸುತ್ತಾರೆ. ಆ ಅವಸರದಲ್ಲಿ ಅವಳಿಗೆ ಮಾತ್ರೆ ಕೊಡುವುದನ್ನು ಯಾರೋ ಮರೆಯುತ್ತಾರೆ. ಮರೆವನ್ನೇ ಆಧಾರವಾಗಿಸಿಕೊಂಡ ಆಡಳಿತದ ಒಂದು ಸಣ್ಣ ಮರೆವಿನಿಂದ ತಾಯಿಯೊಬ್ಬಳಿಗೆ ಮಗನ ನೆನಪು ಉಳಿಯಿತು. ಅವನನ್ನು ಹುಡುಕಿ ಹೊರಟ ಅವಳು ಕಡಲಿನಲ್ಲಿ ಸಿಕ್ಕಿ, ಅಪರಿಚಿತ ತೀರವೊಂದನ್ನು ಸೇರಿ, ತಾನು ಯಾರೆಂಬುದನ್ನೇ ಮರೆಯುತ್ತಾಳೆ. ಅಲ್ಲಿ ಒಂದು ಹೆರಿಗೆಯ ಬಳಿ ನಿಂತಾಗ ಅವಳಿಗೆ ಎಲ್ಲವೂ ಮರಳುತ್ತದೆ. ಅತ್ತ ಗೇಬ್ರಿಯಲ್ ಬೆಳೆದು, ತಾನು ಎಲ್ಲಿಂದ ಬಂದವನು, ತನ್ನ ತಾಯಿ ಯಾರು ಎಂದು ತಿಳಿಯುವ ಹಟದಿಂದ ಜೋನಸ್ ಇರುವ ಊರಿನ ನದಿಯ ದಡದಲ್ಲಿ ತನ್ನ ಕೈಯಾರೆ ಒಂದು ದೋಣಿಯನ್ನು ಕಟ್ಟುತ್ತಿರುತ್ತಾನೆ.